ಬಿರುದಿನ ಭಾರ: ಪಾಲ್ ವೈಟ್‌ಮನ್ನನ ವಾದ್ಯಗೋಷ್ಠಿಯೂ ಬಾನುಲಿಯೂ



ಸಂಗೀತವನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯತಕ್ಕದ್ದೆಂದೂ, ಅದು ಇಂಥ ಸಂಪ್ರದಾಯಕ್ಕೇ ಸೇರಿದುದಾಗಿರಬೇಕೆಂಬ ನಿರ್ಬಂಧವೇನೂ ಇರಬಾರದೆಂದೂ ವಿಧಿಸಿ ಈ ನಿಧಿಯನ್ನು ಇರಿಸಿದ ದಾನಿಗಳ ಔದಾರ್ಯವನ್ನು ನಾನು ಇಂದು ಸ್ವಲ್ಪ ಧಾರಾಳವಾಗಿಯೇ ಬಳಸಿಕೊಳ್ಳಲಿದ್ದೇನೆ. ನಾನು ಆರಿಸಿಕೊಂಡಿರುವ ಪುರುಷನು ನಮ್ಮ ನಾಡಿನವನಲ್ಲ; ತ್ಯಾಗರಾಜರ ಹೆಸರನ್ನಾಗಲಿ ಪುರಂದರದಾಸರ ಹೆಸರನ್ನಾಗಲಿ ಆತನು ಕೇಳಿದ್ದನೆಂದು ಭಾವಿಸಲು ಕಾರಣವಿಲ್ಲ. ಆದರೂ ಆತನ ಬಾಳು ಎತ್ತುವ ಪ್ರಶ್ನೆಯೊಂದು, ಸಂಗೀತವುಳ್ಳ ಯಾವ ನಾಡಿಗಾದರೂ ಸಲ್ಲತಕ್ಕ ಪ್ರಶ್ನೆ. ಆ ಪ್ರಶ್ನೆ ನನಗೆ ಹೇಗೆ ಎದುರಾಯಿತೆಂಬುದನ್ನು ಮೊದಲು ನಿವೇದಿಸಿ ಅನಂತರ ವಿಷಯಕ್ಕೆ ಬರುತ್ತೇನೆ.

ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ವಕೀಲರೊಬ್ಬರ ಬಳಿ ಕೀಲಿ ಕೊಟ್ಟು ನುಡಿಸುವ ಗ್ರಾಮಫೋನ್ ಪೆಟ್ಟಿಗೆಯೊಂದಿತ್ತು. ಅವರ ತಟ್ಟೆಗಳಲ್ಲಿ ಬಹುಪಾಲು ಬಿಡಾರಂ ಕೃಷ್ಣಪ್ಪನವರವು, ವೀಣೆಯವು, ನಾಟಕದ ಹಾಡುಗಳವು. ಅವುಗಳ ನಡುವೆ, ಯಾವ ದೊರೆಯ ಮನೆಯ ಹರಾಜಿನಲ್ಲಿ ಬಂದಿತೋ ಕಾಣೆ, ನಾಯಿಯ ಚಿತ್ರವುಳ್ಳ ಹನ್ನೆರಡಂಗುಲದ ವಿಲಾಯಿತಿ ತಟ್ಟೆಯೊಂದು ಸೇರಿಕೊಂಡಿತ್ತು. ಮುಳ್ಳನ್ನು ಇಟ್ಟೊಡನೆ ಕೊಳವೆಯಂಥ ಒಂದು ವಾದ್ಯವು ಕೆಳಗಿನ ಸ್ವರದಲ್ಲಿ ಕಂಪಿಸಿ, ಏಣಿ ಹತ್ತುವಂತೆ ಹತ್ತತೊಡಗಿ, ಅರ್ಧದಾರಿಯಲ್ಲಿ ಮೆಟ್ಟಿಲುಗಳನ್ನೇ ಮರೆತು ಒಂದೇ ಜಾರಿನಲ್ಲಿ ತಾರಸ್ಥಾಯಿಯನ್ನು ಮುಟ್ಟುತ್ತಿತ್ತು. ವಕೀಲರು ಅದನ್ನು ಕೇಳಿದಾಗಲೆಲ್ಲ ನಗುತ್ತಿದ್ದರು. ಅದು ನಗತಕ್ಕದ್ದೋ ಅಳತಕ್ಕದ್ದೋ ತಿಳಿಯದೆ ನಾನು ಅವರ ಮುಖವನ್ನು ನೋಡುತ್ತಿದ್ದೆನು. ನಾಲ್ಕು ನಿಮಿಷ ಮೀರುತ್ತಲೆ ಸಂಗೀತವು ಅರ್ಧದಲ್ಲಿ ನಿಂತುಹೋಗುವುದು. ತಟ್ಟೆಯನ್ನು ಮಗುಚಿ, ಕೀಲಿ ಕೊಟ್ಟು, ಉಳಿದರ್ಧವನ್ನು ಕೇಳಬೇಕು. ಹಾಗೆ ಮಗುಚುವ ಕೆಲಸ ನನ್ನದಾಗಿದ್ದುದರಿಂದ ತಟ್ಟೆಯ ನಡುವಣ ಕಾಗದದ ಮೇಲಿದ್ದ ಹೆಸರು ನನಗೆ ಕಂಠಪಾಠವಾಯಿತು: ಪಾಲ್ ವೈಟ್‌ಮನ್ ಮತ್ತು ಆತನ ವಾದ್ಯವೃಂದ. ಈ ಸೊಗಸನ್ನೆಲ್ಲ ಮಾಡಿದವನು ಈತನೇ ಎಂದು ನಾನು ಬಗೆದೆನು.

ಬೆಳೆದು ದೊಡ್ಡವನಾಗಿ ನಾಲ್ಕು ಪುಸ್ತಕಗಳನ್ನು ಓದಿದ ಮೇಲೆ ನನ್ನ ಕಲ್ಪನೆಯ ಕಟ್ಟಡವು ಒಂದೊಂದೇ ಕಂಬವನ್ನು ಕಳೆದುಕೊಂಡಿತು. 'ರ‍್ಯಾಪ್ಸೊಡಿ ಇನ್ ಬ್ಲೂ' ಎಂಬ ಆ ಕೃತಿಯನ್ನು ರಚಿಸಿದವನು ಜಾರ್ಜ್ ಗರ್ಷ್ವಿನ್. ಅದನ್ನು ವಾದ್ಯಗಳಿಗೆ ಹಂಚಿ ಬರೆದವನು ಫರ್ಡಿ ಗ್ರೋಫೆ. ಪಿಯಾನೊ ನುಡಿಸಿದವನು ಪುನಃ ಗರ್ಷ್ವಿನ್ನನೇ. ಆ ಮೊದಲ ಜಾರನ್ನು ಕಲ್ಪಿಸಿದವನು ರಾಸ್ ಗಾರ್ಮನ್ ಎಂಬ ಕ್ಲಾರಿನೆಟ್ ವಾದಕ. ಇರಲಿ, ಕೋಲು ಹಿಡಿದು ಮೇಳವನ್ನು ನಡೆಸಿದವನಾದರೂ ವೈಟ್‌ಮನ್ ತಾನೆ ಎಂದುಕೊಂಡರೆ, ೧೯೨೭ರ ಏಪ್ರಿಲಿನಲ್ಲಿ ವಿದ್ಯುತ್ ಯಂತ್ರದಿಂದ ಮುದ್ರಿತವಾದ ಆ ತಟ್ಟೆಯಲ್ಲಿ ಅದೂ ನಿಜವಲ್ಲ. ಮುದ್ರಣದ ದಿನ ಆತನಿಗೂ ಗರ್ಷ್ವಿನ್ನನಿಗೂ ಮನಸ್ತಾಪವುಂಟಾಗಿ ಆತನು ಕೋಲನ್ನು ಬಿಟ್ಟುಕೊಟ್ಟನೆಂದೂ, ತಟ್ಟೆಯ ಕಂಪೆನಿಯ ನೇಥೇನಿಯಲ್ ಶಿಲ್‌ಕ್ರೆಟ್ ಮೇಳವನ್ನು ನಡೆಸಿದನೆಂದೂ ಈಗ ಎಲ್ಲರೂ ಬಲ್ಲರು. ಹಾಗಾದರೆ, ರಚಿಸದವನೂ, ಬರೆಯದವನೂ, ನುಡಿಸದವನೂ, ಆ ದಿನ ನಡೆಸದವನೂ ಆದ ಮನುಷ್ಯನ ಹೆಸರು ಆ ತಟ್ಟೆಯ ಮೇಲೆ ಏಕೆ ಇತ್ತು? ಆತನು ಮಾಡಿದುದಾದರೂ ಏನು? ಇದೇ ನನ್ನ ಇಂದಿನ ಪ್ರಶ್ನೆ.

೧

ಪಾಲ್ ವೈಟ್‌ಮನ್ ೧೮೯೦ನೆಯ ಇಸವಿ ಮಾರ್ಚ್ ೨೮ರಂದು ಅಮೆರಿಕದ ಕೊಲರಾಡೊ ಸಂಸ್ಥಾನದ ಡೆನ್ವರ್ ನಗರದಲ್ಲಿ ಜನಿಸಿದನು. ತಂದೆ ವಿಲ್ಬರ್‌ಫೋರ್ಸ್ ವೈಟ್‌ಮನ್ ಆ ನಗರದ ಸಾರ್ವಜನಿಕ ಶಾಲೆಗಳ ಸಂಗೀತಶಿಕ್ಷಣಕ್ಕೆ ಬಹುಕಾಲ ಮೇಲ್ವಿಚಾರಕನಾಗಿದ್ದವನು, ಶಿಸ್ತಿನ ಮನುಷ್ಯ, ತಾಯಿ ಗಾಯಕಿ. ಆ ಮೇಷ್ಟರ ಕೈಕೆಳಗೆ ಕಲಿತ ಹುಡುಗರಲ್ಲಿ, ಮುಂದೆ ತನ್ನದೇ ವಾದ್ಯಗೋಷ್ಠಿಯಿಂದ ವಿಖ್ಯಾತನಾದ ಆಫ್ರಿಕಾ ಮೂಲದ ಜಿಮ್ಮಿ ಲನ್ಸ್‌ಫರ್ಡನೂ ಒಬ್ಬನೆಂಬುದನ್ನು ತಾವು ನೆನಪಿನಲ್ಲಿಡಬೇಕು; ಅದು ಮುಂದೆ ಬೇಕಾಗುವುದು.

ಮಗನಿಗೆ ದೊರೆತ ವಾದ್ಯ ವಯೋಲ. ಪಿಟೀಲಿಗಿಂತ ಕೊಂಚ ದೊಡ್ಡದು, ಶ್ರುತಿಯಲ್ಲಿ ಕೆಳಗಿನದು, ಪಾಶ್ಚಾತ್ಯ ಮೇಳದ ನಡುವೆ ಕುಳಿತು ಮೇಲಿನ ರಾಗಕ್ಕೂ ಕೆಳಗಿನ ಆಧಾರಸ್ವರಕ್ಕೂ ನಡುವಣ ತೆರಪನ್ನು ತುಂಬಿಕೊಡುವುದು ಅದರ ಧರ್ಮ. ಅದನ್ನು ನುಡಿಸುವವನಿಗೆ ಶ್ರೋತೃಗಳ ಚಪ್ಪಾಳೆ ಅಪರೂಪ. ಆದರೆ ಇಡೀ ಮೇಳ ಹೇಗೆ ಹೆಣೆದುಕೊಂಡಿದೆಯೆಂಬುದು ಅವನಷ್ಟು ಚೆನ್ನಾಗಿ ಇನ್ನಾರಿಗೂ ಕೇಳಿಸದು. ಡೆನ್ವರಿನ ಮೇಳದಲ್ಲಿಯೂ ತರುವಾಯ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೇಳದಲ್ಲಿಯೂ ವೈಟ್‌ಮನ್ ಹೀಗೆ ನಡುವೆ ಕುಳಿತು ನುಡಿಸಿದನು. ಆ ರೇವುಪಟ್ಟಣದ ಸೇಂದಿಯಂಗಡಿಗಳಂಥ ಕುಣಿತದ ಮನೆಗಳಲ್ಲಿ ಜಾಝ್ ಮೊದಲಬಾರಿಗೆ ಆತನ ಕಿವಿಗೆ ಬಿದ್ದಿತು. ಕೂಡಲೆ ಮೋಹಿತನಾಗಿ, ಇದ್ದ ಕೆಲಸವನ್ನು ಬಿಟ್ಟು, ಭೋಜನಶಾಲೆಯೊಂದರ ಜಾಝ್ ಮೇಳಕ್ಕೆ ಸೇರಿದನು. ನಿನಗೆ ಈ ವಾದನ ಬಾರದೆಂದು ಅವರು ಬಲುಬೇಗ ಆತನನ್ನು ಹೊರಗೆ ಕಳುಹಿಸಿದರು. ಮುಂದೆ ಜಾಝಿನ ರಾಜನೆಂದು ಕರೆಯಿಸಿಕೊಳ್ಳಲಿದ್ದವನನ್ನು ಜಾಝ್ ಬಾರದೆಂಬ ಕಾರಣಕ್ಕಾಗಿ ಕೆಲಸದಿಂದ ತೆಗೆದ ಈ ಸಂಗತಿಯನ್ನು ಆತನು ತಾನೇ ತನ್ನ ಪುಸ್ತಕದಲ್ಲಿ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ.

ಬಾರದಿದ್ದುದನ್ನು ಆತನು ಬರೆದುಕೊಂಡು ಕಲಿತನು. ಇಲ್ಲಿಯೇ ಆತನ ಬಾಳಿನ ತಿರುಳಿದೆ. ನ್ಯೂ ಆರ್ಲಿಯನ್ಸ್ ನಗರದ ಕಪ್ಪು ಜನರಲ್ಲಿ ಹುಟ್ಟಿ ಬೆಳೆದ ಆ ಸಂಗೀತವನ್ನು ಐದಾರು ಜನ ವಾದಕರು ಕಿವಿಯ ಬಲದಿಂದ, ಒಬ್ಬನ ಮಾತಿಗೆ ಒಬ್ಬನು ಮರುಮಾತು ಕೊಡುತ್ತ, ಸ್ಥಳದಲ್ಲಿಯೇ ಹೊಸೆಯುತ್ತಿದ್ದರು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅದು ಮನೋಧರ್ಮದ ಸಂಗೀತ. ವೈಟ್‌ಮನ್ನನೂ, ಆತನು ಕಂಡುಹಿಡಿದ ಗ್ರೋಫೆ ಎಂಬ ಪಿಯಾನೊ ವಾದಕನೂ ಕೂಡಿ ಅದನ್ನು ಕಾಗದಕ್ಕಿಳಿಸುವ ವಿಧಾನವೊಂದನ್ನು ರೂಪಿಸಿದರು: ಊದುವ ವಾದ್ಯಗಳಿಗೊಂದು ಪಾಠ, ಹಿತ್ತಾಳೆಯ ವಾದ್ಯಗಳಿಗೊಂದು ಪಾಠ, ತಂತಿಗಳಿಗೊಂದು ಪಾಠ, ಪಲ್ಲವಿ ಮರಳಿ ಬಂದಾಗಲೆಲ್ಲ ವಾದ್ಯಗಳ ಬಣ್ಣ ಬದಲಾಗುವಂತೆ ವ್ಯವಸ್ಥೆ. ೧೯೧೮ರಲ್ಲಿ ನೌಕಾದಳದ ಶಿಬಿರದಲ್ಲಿ ಮೇಳ ಕಟ್ಟಿ ಪಳಗಿದ ಆತನು ಯುದ್ಧಾನಂತರ ಕ್ಯಾಲಿಫೋರ್ನಿಯದ ಹೋಟೆಲುಗಳಲ್ಲಿಯೂ, ಅಲ್ಲಿಂದ ಪೂರ್ವತೀರದ ಅಟ್ಲಾಂಟಿಕ್ ಸಿಟಿಯಲ್ಲಿಯೂ, ಬಳಿಕ ನ್ಯೂಯಾರ್ಕಿನ ಪ್ಯಾಲೇ ರಾಯಲ್ ಎಂಬ ನೃತ್ಯಶಾಲೆಯಲ್ಲಿಯೂ ಈ ಬರೆದ ಜಾಝನ್ನು ನುಡಿಸಿದನು. ೧೯೨೦ರಲ್ಲಿ ವಿಕ್ಟರ್ ಕಂಪೆನಿಗಾಗಿ ಆತನು ಕೊಟ್ಟ 'ವಿಸ್ಪರಿಂಗ್' ಎಂಬ ತಟ್ಟೆ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ತಟ್ಟೆಯೆಂಬ ವಸ್ತು ಆತನನ್ನು ಎತ್ತಿ ಹಿಡಿದುದು ಹೀಗೆ. ಅದೇ ವಸ್ತುವಿನೊಡನೆ ಆತನು ಮುಂದೆ ನ್ಯಾಯಾಸ್ಥಾನದಲ್ಲಿ ಹೋರಾಡಲಿದ್ದನು.

೨

ಮೂರಾಳು ತೂಕದ ದೇಹ, ಎರಡೂ ಕಡೆ ತಿರುವಿದ ಪುಟ್ಟ ಮೀಸೆ, ದುಂಡುಮುಖ: ವ್ಯಂಗ್ಯಚಿತ್ರಕಾರರಿಗೆ ಹಬ್ಬದಂತಿದ್ದ ಈ ರೂಪವು ಕೆಲವು ವರ್ಷಗಳ ಬಳಿಕ ಕೊಲಂಬಿಯ ಕಂಪೆನಿಯ ತಟ್ಟೆಗಳ ಮೇಲೆ ಲಾಂಛನವಾಗಿಯೇ ಅಚ್ಚಾಯಿತು. ಆದರೆ ಈ ದುಂಡುಮುಖದ ಹಿಂದೆ ಮೇಷ್ಟರ ಮಗನೊಬ್ಬನು ಯಾವಾಗಲೂ ಎಚ್ಚರವಾಗಿದ್ದನು. ತಾನು ನುಡಿಸುತ್ತಿರುವುದು ಕುಣಿಯುವವರ ಕಾಲಿಗೆ ಮಾತ್ರವಲ್ಲದೆ ಕುಳಿತು ಕೇಳುವವರ ಕಿವಿಗೂ ತಕ್ಕುದೆಂದು ಆ ತಂದೆಯಂಥವರ ಮುಂದೆ ಸಿದ್ಧಪಡಿಸಬೇಕೆಂಬ ಹಂಬಲ ಆತನನ್ನು ಬಿಡಲಿಲ್ಲ. ಆ ಹಂಬಲದ ಫಲವೇ ೧೯೨೪ನೆಯ ಇಸವಿ ಫೆಬ್ರವರಿ ೧೨ರ ಮಧ್ಯಾಹ್ನ ನ್ಯೂಯಾರ್ಕಿನ ಇಯೋಲಿಯನ್ ಹಾಲಿನಲ್ಲಿ ನಡೆದ, 'ಆಧುನಿಕ ಸಂಗೀತದಲ್ಲೊಂದು ಪ್ರಯೋಗ' ಎಂಬ ಗಂಭೀರ ನಾಮಧೇಯದ ಕಚೇರಿ.

ಈ ಕಚೇರಿಯ ಪೂರ್ವಕಥೆಯಲ್ಲಿ ವೈಟ್‌ಮನ್ನನ ಸ್ವಭಾವವೆಲ್ಲವೂ ಅಡಕವಾಗಿದೆ. ಗರ್ಷ್ವಿನ್ನನಿಗೆ ಆಗ ಇಪ್ಪತ್ತೈದು ವಯಸ್ಸು. ರಂಗಭೂಮಿಯ ಹಾಡುಗಳಿಂದ ಹೆಸರು ಮಾಡಿದ್ದ ತರುಣ. ಕಚೇರಿಗೆ ಒಂದು ಕೃತಿ ಬರೆದುಕೊಡೆಂದು ವೈಟ್‌ಮನ್ ಕೇಳಿದ್ದುದು ನಿಜ. ಆತನು ಖಚಿತವಾಗಿ ಒಪ್ಪಿರಲಿಲ್ಲವೆಂಬುದೂ ನಿಜ. ಹೀಗಿರುವಾಗ ಜನವರಿ ೪ರ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ, ಗರ್ಷ್ವಿನ್ನನು ಈ ಕಚೇರಿಗಾಗಿ ಜಾಝ್ ಕೃತಿಯೊಂದರ ರಚನೆಯಲ್ಲಿ ತೊಡಗಿದ್ದಾನೆಂಬ ಸಮಾಚಾರ ಪ್ರಕಟವಾಯಿತು. ಬಿಲಿಯರ್ಡ್ಸ್ ಆಡುತ್ತಿದ್ದ ಗರ್ಷ್ವಿನ್ನನಿಗೆ ಅಣ್ಣ ಐರಾ ಅದನ್ನು ಓದಿ ಹೇಳಿದನು. ಮರುದಿನ ವೈಟ್‌ಮನ್ನನಿಗೆ ಫೋನು ಮಾಡಿದರೆ, ನೀನು ಬರಿಯ ಪಿಯಾನೊ ಪಾಠವನ್ನು ಕೊಡು, ವಾದ್ಯಗಳಿಗೆ ಹಂಚುವ ಹೊರೆ ಗ್ರೋಫೆಯದೆಂದು ಆತನು ಪುಸಲಾಯಿಸಿ ಒಪ್ಪಿಸಿದನು. ಒಪ್ಪದವನ ಒಪ್ಪಿಗೆಯನ್ನು ಪತ್ರಿಕೆಯಲ್ಲಿ ಮೊದಲು ಅಚ್ಚುಹಾಕಿಸಿ ಆಮೇಲೆ ಪಡೆಯುವುದು ಧರ್ಮಶಾಸ್ತ್ರದ ದೃಷ್ಟಿಯಿಂದ ಪ್ರಶಸ್ತವಲ್ಲದಿರಬಹುದು. ಆದರೆ ಅದು ನಡೆಯದಿದ್ದಲ್ಲಿ ಆ ಕೃತಿ ಹುಟ್ಟುತ್ತಿರಲಿಲ್ಲ.

ಕೆಲವೇ ವಾರಗಳಲ್ಲಿ ಕೃತಿ ಸಿದ್ಧವಾಯಿತು. ಬಾಸ್ಟನ್ನಿಗೆ ಹೋಗುತ್ತಿದ್ದ ರೈಲಿನ ಗಡಗಡ ಶಬ್ದದಲ್ಲಿ ಇಡೀ ಕೃತಿಯ ಆಕಾರವು ತನಗೆ ಗೋಚರವಾಯಿತೆಂದು ಗರ್ಷ್ವಿನ್ನನು ಆಮೇಲೆ ಹೇಳಿದನು. ಆತನು ಬರೆದ ಹಾಳೆಗಳನ್ನು ಬಿಸಿಬಿಸಿಯಾಗಿ ಎತ್ತಿಕೊಂಡು ಗ್ರೋಫೆ ವಾದ್ಯಗಳಿಗೆ ಹಂಚುತ್ತ ಹೋದನು. ವಾದ್ಯದ ಹೆಸರಿನ ಬದಲು ವಾದಕನ ಹೆಸರನ್ನೇ ಅಂಚಿನಲ್ಲಿ ಬರೆಯುವಷ್ಟು ಆ ಮೇಳದ ಪರಿಚಯ ಆತನಿಗಿತ್ತು. ಫೆಬ್ರವರಿ ೪ರಂದು ಅದು ಮುಗಿಯಿತು. ಮೊದಲ ವಾಕ್ಯದಲ್ಲಿ ಗರ್ಷ್ವಿನ್ನನು ಬರೆದಿದ್ದುದು ಹದಿನೇಳು ಬಿಡಿಸ್ವರಗಳ ಆರೋಹಣ. ಅಭ್ಯಾಸದ ವೇಳೆ ಗಾರ್ಮನ್ ಪರಿಹಾಸಕ್ಕಾಗಿ ಆ ಸ್ವರಗಳನ್ನು ಒಂದಕ್ಕೊಂದು ಅಂಟಿಸಿ ನಮ್ಮ ಜಾರುಗಮಕದಂತೆ ಎಳೆದನು. ಗರ್ಷ್ವಿನ್ನನು ಅದನ್ನೇ ಉಳಿಸಿಕೋ, ಇನ್ನೂ ಗೋಳಾಡಿಸು ಎಂದನು. ಕ್ಲಾರಿನೆಟ್ಟಿನಲ್ಲಿ ಇದು ಸುಲಭವಲ್ಲ: ರಂಧ್ರಗಳ ಮೇಲಿನ ಬೆರಳುಗಳನ್ನು ಎತ್ತದೆ ಪಕ್ಕಕ್ಕೆ ಮೆಲ್ಲನೆ ಸರಿಸುತ್ತ, ಗಂಟಲನ್ನೂ ತುಟಿಯ ಬಿಗಿಯನ್ನೂ ಸಡಿಲಿಸುತ್ತ ಸ್ವರವನ್ನು ಬಾಗಿಸಬೇಕು. ಪರಿಹಾಸಕ್ಕೆ ಹುಟ್ಟಿದುದೇ ಆ ಕೃತಿಯ ಮುದ್ರೆಯಾಯಿತು. ವಕೀಲರು ನಗುತ್ತಿದ್ದುದು ತಪ್ಪಲ್ಲವೆಂದು ನನಗೆ ತಿಳಿದುದು ಇದನ್ನು ಓದಿದ ದಿನ.

ಹಿಮ ಬೀಳುತ್ತಿದ್ದ ಆ ಮಧ್ಯಾಹ್ನ ಸಭೆಯಲ್ಲಿ ರಾಖ್ಮನಿನಾಫ್, ಕ್ರೈಸ್ಲರ್, ಹೈಫೆಟ್ಸ್ ಮೊದಲಾದ ಮಹಾವಿದ್ವಾಂಸರು ಕುಳಿತಿದ್ದರು. ತೆರೆಯ ಹಿಂದೆ ವೈಟ್‌ಮನ್ನನಿಗೆ ಕೈಕಾಲು ನಡುಗಿ, ಕಚೇರಿಯನ್ನೇ ರದ್ದು ಮಾಡಿ ಓಡಿಹೋಗೋಣವೆನ್ನಿಸಿತಂತೆ. ಹಳೆಯ ಒರಟು ಜಾಝಿಗೆ ನಿದರ್ಶನವಾಗಿ 'ಲಿವರಿ ಸ್ಟೇಬಲ್ ಬ್ಲೂಸ್' ಎಂಬುದನ್ನು ನಗೆಗಾಗಿ ಮೊದಲು ನುಡಿಸಿ, ಅಲ್ಲಿಂದ ನಾವು ಎಷ್ಟು ಮುಂದೆ ಬಂದಿದ್ದೇವೆಂದು ತೋರಿಸುವುದು ಕಾರ್ಯಕ್ರಮದ ತರ್ಕ. ಇಪ್ಪತ್ತಕ್ಕೂ ಮಿಕ್ಕ ಬಾಬುಗಳು, ಒಂದರಂತೆ ಇನ್ನೊಂದು, ಜನರು ಬಾಗಿಲ ಕಡೆ ನೋಡತೊಡಗಿದ್ದರು. ಕೊನೆಯದಕ್ಕೆ ಹಿಂದಿನ ಬಾಬಾಗಿ ಗಾರ್ಮನ್ನನ ಕ್ಲಾರಿನೆಟ್ ಆ ಜಾರನ್ನು ಎಳೆದಾಗ ಸಭೆ ಎದ್ದುಕೂತಿತು. ಕಚೇರಿಯಿಂದ ತನಗೆ ಏಳು ಸಾವಿರ ಡಾಲರುಗಳಷ್ಟು ನಷ್ಟವಾಯಿತೆಂದು ವೈಟ್‌ಮನ್ ಲೆಕ್ಕ ಕೊಟ್ಟಿದ್ದಾನೆ. ಆ ನಷ್ಟವನ್ನು ಮೈಮೇಲೆ ಹಾಕಿಕೊಂಡವನು, ತರುಣನನ್ನು ಬಲವಂತವಾಗಿ ಕೂರಿಸಿ ಬರೆಯಿಸಿದವನು, ಬರೆದುದನ್ನು ಹಂಚಬಲ್ಲವನನ್ನೂ ನುಡಿಸಬಲ್ಲವರನ್ನೂ ಸಂಬಳ ಕೊಟ್ಟು ಸಿದ್ಧವಾಗಿಟ್ಟುಕೊಂಡಿದ್ದವನು ಒಬ್ಬನೇ. ತಟ್ಟೆಯ ಮೇಲಿನ ಹೆಸರಿಗೆ ಇದು ಮೊದಲನೆಯ ಸಮಾಧಾನ.

೩

ಇಷ್ಟು ಹೇಳಿದ ಮೇಲೆ ಬಿರುದಿನ ವಿಚಾರಕ್ಕೆ ಬರಬೇಕು. ಪ್ರಚಾರಕರು ಆತನಿಗೆ ಕಟ್ಟಿದ ಬಿರುದು 'ಜಾಝಿನ ರಾಜ'. ಬಿರುದು ಕೊಡುವವರಿಗೆ ಖರ್ಚಿಲ್ಲ, ಹೊರುವವನಿಗೆ ಭಾರವುಂಟು. ಆತನು ಇಯೋಲಿಯನ್ ಹಾಲಿನಲ್ಲಿ ನುಡಿಸುವುದಕ್ಕೆ ಒಂದು ವರ್ಷ ಮೊದಲೇ, ೧೯೨೩ರಲ್ಲಿ, ಇಂಡಿಯಾನ ಸಂಸ್ಥಾನದ ರಿಚ್ಮಂಡ್ ಎಂಬ ಊರಿನ ಮುದ್ರಣಶಾಲೆಯಲ್ಲಿ ಕಿಂಗ್ ಆಲಿವರನ ಮೇಳ ತನ್ನ ಹಾಡುಗಳನ್ನು ಮುದ್ರಿಸಿತ್ತು. ಆ ಮೇಳದಲ್ಲಿ ಎರಡನೆಯ ತುತ್ತೂರಿಯನ್ನು ಹಿಡಿದವನು ಲೂಯಿ ಆರ್ಮ್‌ಸ್ಟ್ರಾಂಗ್. ರಾಜ್ಯವಾವುದೋ ಅದರ ಪ್ರಜೆಗಳೂ ಒಡೆಯರೂ ಈ ಕಪ್ಪು ವಾದಕರಾಗಿರುವಾಗ, ಕಿರೀಟವು ಡೆನ್ವರಿನ ಬಿಳಿಯ ಮೇಷ್ಟರ ಮಗನ ತಲೆಯ ಮೇಲೆ ಕುಳಿತುದು ಆ ಕಾಲದ ಅಮೆರಿಕದ ವರ್ಣಭೇದದ ವ್ಯವಸ್ಥೆಯಿಂದಲೇ ಹೊರತು ಸಂಗೀತದ ನ್ಯಾಯದಿಂದಲ್ಲ.

ಕಾಲವು ಕೆಲವೊಮ್ಮೆ ತನ್ನ ವ್ಯಂಗ್ಯವನ್ನು ತಾನೇ ಬರೆದಿಡುವುದು. ೧೯೩೦ರಲ್ಲಿ ಯೂನಿವರ್ಸಲ್ ಕಂಪೆನಿಯವರು ಆತನನ್ನು ನಾಯಕನನ್ನಾಗಿಟ್ಟುಕೊಂಡು 'ಕಿಂಗ್ ಆಫ್ ಜಾಝ್' ಎಂಬ ಬಣ್ಣದ ಚಲನಚಿತ್ರವನ್ನು ತೆಗೆದರು. ಅದರ ಆರಂಭದಲ್ಲಿ ಪುಟ್ಟದೊಂದು ಚಲಿಸುವ ವ್ಯಂಗ್ಯಚಿತ್ರವಿದೆ: ವೈಟ್‌ಮನ್ ಆಫ್ರಿಕದ ಕಾಡಿನಲ್ಲಿ ಸಿಂಹದ ಬೇಟೆಗೆ ಹೋಗುತ್ತಾನೆ, ಪಿಟೀಲಿನಿಂದ ಅದನ್ನು ಪಳಗಿಸುತ್ತಾನೆ, ಕೊನೆಗೆ ಕೋತಿಯೊಂದು ಎಸೆದ ತೆಂಗಿನಕಾಯಿ ನೆತ್ತಿಗೆ ಬಡಿದು ಬುಗುಟೆಯೇಳುತ್ತದೆ, ಆ ಬುಗುಟೆಯೇ ಕಿರೀಟ. ಬಿರುದಿನ ವಿಷಯದಲ್ಲಿ ಇದಕ್ಕಿಂತ ಸತ್ಯವಾದ ಭಾಷ್ಯವನ್ನು ಯಾವ ವಿಮರ್ಶಕನೂ ಬರೆದಿಲ್ಲ. ಅದೇ ಚಿತ್ರದ ಅಂತ್ಯದಲ್ಲಿ ನಾನಾ ದೇಶಗಳ ಸಂಗೀತವನ್ನೆಲ್ಲ ದೊಡ್ಡದೊಂದು ಕೊಪ್ಪರಿಗೆಯಲ್ಲಿ ಸುರಿದು ಕರಗಿಸಿ ಜಾಝನ್ನು ಎರಕ ಹೊಯ್ಯುವ ಭವ್ಯದೃಶ್ಯವುಂಟು. ಯೂರೋಪಿನ ಜನಾಂಗಗಳು ಒಂದೊಂದಾಗಿ ಬಂದು ತಮ್ಮ ತಮ್ಮ ಹಾಡನ್ನು ಸುರಿಯುತ್ತವೆ. ಆಫ್ರಿಕದವರು ಮಾತ್ರ ಆ ಸಾಲಿನಲ್ಲಿಲ್ಲ. ಅಡಿಗೆ ಮಾಡಿದವರನ್ನು ಪಂಕ್ತಿಯಿಂದ ಹೊರಗಿಟ್ಟ ಊಟವಿದು.

ವೈಟ್‌ಮನ್ನನ ಪಾಲಿನ ಹೊಣೆ ಎಷ್ಟು? ಕಪ್ಪು ವಾದಕರನ್ನು ತನ್ನ ಮೇಳಕ್ಕೆ ಸೇರಿಸಿಕೊಳ್ಳಬೇಕೆಂಬ ಇಚ್ಛೆ ಆತನಿಗಿತ್ತೆಂದೂ, ವ್ಯವಹಾರ ನೋಡಿಕೊಳ್ಳುತ್ತಿದ್ದವರು ತಡೆದರೆಂದೂ ಆತನ ಚರಿತ್ರಕಾರರು ಬರೆಯುತ್ತಾರೆ. ಬರೆಹದ ಮೇಜಿನ ಬಳಿ ಆ ತಡೆಯಿರಲಿಲ್ಲ: ಡಾನ್ ರೆಡ್‌ಮನ್ ಆತನಿಗಾಗಿ ವಾದ್ಯಪಾಠಗಳನ್ನು ಬರೆದನು, ವಿಲಿಯಂ ಗ್ರ್ಯಾಂಟ್ ಸ್ಟಿಲ್ ಆತನ ಸಂಬಳದಲ್ಲಿ ಕೆಲಸ ಮಾಡಿದನು. ಕಾಗದದ ಮೇಲೆ ಬರಬಹುದು, ವೇದಿಕೆಯ ಮೇಲೆ ಬರಲಾಗದು: ಇದು ಸಂಧಾನವೇ ಹೊರತು ನ್ಯಾಯವಲ್ಲ. ಕಪ್ಪು ಹುಡುಗನಾದ ಲನ್ಸ್‌ಫರ್ಡನಿಗೆ ಪಾಠ ಹೇಳಿದ ತಂದೆಯ ಕೊಠಡಿಯಲ್ಲಿದ್ದ ಸಮತೆ ಮಗನ ವೇದಿಕೆಗೆ ಬರಲಿಲ್ಲ.

ಆದರೆ ಆತನ ಮೇಳದೊಳಗಿನ ಆಶ್ರಯ ಸಣ್ಣದಾಗಿರಲಿಲ್ಲ. ೧೯೨೬ರ ಕೊನೆಯಲ್ಲಿ ಸೇರಿದ ಬಿಂಗ್ ಕ್ರಾಸ್ಬಿ ಎಂಬ ಹುಡುಗ ಮುಂದೆ ಆ ಶತಮಾನದ ಅತಿ ಪ್ರಸಿದ್ಧ ಗಾಯಕರಲ್ಲೊಬ್ಬನಾದನು. ೧೯೨೯ರಲ್ಲಿ ವೈಟ್‌ಮನ್ ಮಿಲ್ಡ್ರೆಡ್ ಬೇಲಿಯನ್ನು ಸೇರಿಸಿಕೊಂಡು, ದೊಡ್ಡ ಮೇಳದೊಡನೆ ಹೆಂಗಸು ಕಾಯಂ ಗಾಯಕಿಯಾಗಿ ಹಾಡುವ ವಾಡಿಕೆಗೆ ದಾರಿ ತೆರೆದನು. ೧೯೨೭ರ ಅಕ್ಟೋಬರಿನಲ್ಲಿ ಬಂದ ಬಿಕ್ಸ್ ಬೈಡರ್‌ಬೆಕ್ಕನ ಕಥೆ ಎಲ್ಲಕ್ಕಿಂತ ಕರುಣೆಯದು. ಬಿಕ್ಸನು ಕಾರ್ನೆಟ್ ವಾದಕ. ಲಿಪಿ ನೋಡಿ ನುಡಿಸುವುದರಲ್ಲಿ ನಿಧಾನ. ಆದರೆ ಬರೆದ ಪಾಠಗಳ ಆ ಭಾರಿ ಕಟ್ಟಡದ ನಡುವೆ ಆತನಿಗೆಂದು ಎಂಟೋ ಹದಿನಾರೋ ಆವರ್ತಗಳಷ್ಟು ಬಯಲನ್ನು ಬಿಟ್ಟರೆ, ಇಡೀ ತಟ್ಟೆಯನ್ನು ಆ ಕೆಲವು ಕ್ಷಣಗಳಿಗಾಗಿಯೇ ಜನರು ಇಂದಿಗೂ ಕೊಳ್ಳುವರು. ಮದ್ಯಪಾನದಿಂದ ಆರೋಗ್ಯ ಕೆಟ್ಟಾಗ ವೈಟ್‌ಮನ್ ಆತನನ್ನು ಊರಿಗೆ ಕಳುಹಿಸಿ, ಸಂಬಳವನ್ನು ನಿಲ್ಲಿಸದೆ ಕೊಡುತ್ತಿದ್ದನು. ಬಿಕ್ಸನು ೧೯೩೧ರ ಆಗಸ್ಟಿನಲ್ಲಿ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡನು. ಬರೆದ ಸಂಗೀತದ ಪಕ್ಷಪಾತಿಯಾದವನು ಬರೆಯಲಾಗದ ಸಂಗೀತದವನನ್ನು ಹೀಗೆ ಸಾಕಿದುದರಲ್ಲಿ, ಒಂದು ಕಾಲದಲ್ಲಿ ನಿನಗೆ ಜಾಝ್ ಬಾರದೆಂದು ಹೊರದೂಡಿಸಿಕೊಂಡವನ ವಿನಯವು ನನಗೆ ಕಾಣುತ್ತದೆ.

೪

ಇಷ್ಟರಲ್ಲಿ ಬಾನುಲಿ ಬಂದಿತ್ತು. ೧೯೨೯ರ ಫೆಬ್ರವರಿಯಿಂದ ಸಿಗರೇಟಿನ ಕಂಪೆನಿಯೊಂದರ ಪ್ರಾಯೋಜನೆಯಲ್ಲಿ ವಾರಕ್ಕೊಮ್ಮೆ ದೇಶಕ್ಕೆಲ್ಲ ಕೇಳುವಂತೆ ವೈಟ್‌ಮನ್ ನುಡಿಸತೊಡಗಿದನು. ೧೯೩೩ರಿಂದ ಗಿಣ್ಣಿನ ಕಂಪೆನಿಯೊಂದಕ್ಕಾಗಿ. ಆತನ ಮೇಳದ ಕರೆಗುರುತು 'ರ‍್ಯಾಪ್ಸೊಡಿ'ಯ ನಿಧಾನವಾದ ರಾಗ. ನೃತ್ಯಶಾಲೆಯಲ್ಲಿ ಕುಣಿಯುವವರು ದಣಿಯುವತನಕ ಒಂದು ಹಾಡನ್ನು ಎಳೆಯಬಹುದು. ಬಾನುಲಿಯಲ್ಲಿ ಯಜಮಾನನು ಗಡಿಯಾರ. ಇಷ್ಟು ಸೆಕೆಂಡಿಗೆ ಹಾಡು ಮುಗಿದು ಸಾಬೂನಿನದೋ ಸಿಗರೇಟಿನದೋ ಮಾತು ಬರಬೇಕು. ಬರೆದ ಪಾಠದ ಶಿಸ್ತಿಗೆ ಒಗ್ಗಿದ ಆತನಿಗೆ ಇದು ಕಷ್ಟವಾಗಲಿಲ್ಲ. ಕಷ್ಟ ಬಂದುದು ಬೇರೊಂದು ಕಡೆಯಿಂದ.

ಸಣ್ಣ ಬಾನುಲಿ ಕೇಂದ್ರಗಳಿಗೆ ಮೇಳವನ್ನು ಕರೆಯಿಸುವ ಶಕ್ತಿಯಿರಲಿಲ್ಲ. ಅಂಗಡಿಯಲ್ಲಿ ತಟ್ಟೆಯೊಂದನ್ನು ಕೊಂಡು ಮುಳ್ಳಿಟ್ಟರೆ ಸಾಕಾಗುತ್ತಿತ್ತು. ಹೀಗೆ ಒಂದು ಕಡೆ ವೈಟ್‌ಮನ್ನನು ಮೂವತ್ತು ಜನರಿಗೆ ಸಂಬಳ ಕೊಟ್ಟು ನುಡಿಸುತ್ತಿರುವಾಗ, ಇನ್ನೊಂದು ಕಡೆ ಆತನ ತಟ್ಟೆಯೇ ಆತನಿಗೆ ಪುಕ್ಕಟೆಯ ಪ್ರತಿಸ್ಪರ್ಧಿಯಾಗಿ ಹಾಡತೊಡಗಿತು. ಬಾನುಲಿ ಪ್ರಸಾರಕ್ಕೆ ಅನುಮತಿಯಿಲ್ಲವೆಂದು ತಟ್ಟೆಗಳ ಮೇಲೆ ಅಚ್ಚುಹಾಕಿಸಿದುದಾಯಿತು, ಕೇಳುವವರಾರು? ನ್ಯೂಯಾರ್ಕಿನ ಕೇಂದ್ರವೊಂದರ ಮೇಲೆ ಹೂಡಿದ ವ್ಯಾಜ್ಯವು ಮುಕ್ಕೋಣದ ಜಗಳವಾಯಿತು: ತಟ್ಟೆಯ ಒಡೆತನ ತನ್ನದೆಂದು ಕಂಪೆನಿ, ಅದರೊಳಗಿನ ವಾದನ ತನ್ನದೆಂದು ವೈಟ್‌ಮನ್, ಹಣ ಕೊಟ್ಟು ಕೊಂಡ ವಸ್ತು ತಮ್ಮದೆಂದು ಬಾನುಲಿಯವರು.

ಮೇಲ್ಮನವಿಯ ನ್ಯಾಯಾಲಯದಲ್ಲಿ ೧೯೪೦ರ ಜುಲೈ ೨೫ರಂದು ತೀರ್ಪು ಬರೆದವನು ಲರ್ನೆಡ್ ಹ್ಯಾಂಡ್, ಆ ದೇಶದ ಮಹಾನ್ಯಾಯಾಧೀಶರ ಸಾಲಿನಲ್ಲಿ ಎಣಿಸತಕ್ಕವನು. ನನ್ನ ಬಾಲ್ಯದ ಪ್ರಶ್ನೆ ಆತನ ಮೇಜಿನ ಮೇಲೆ ಬಂದು ಕುಳಿತಿರುವುದನ್ನು ನೋಡಿ ನನಗೆ ಆಶ್ಚರ್ಯವಾಯಿತು: ಈ ತಟ್ಟೆಯೊಳಗೆ ವೈಟ್‌ಮನ್ನನದು ಏನಿದೆ? ಬರೆದ ಸ್ವರಲಿಪಿಯು ಬರಿಯ ಸೂಚನೆಯಷ್ಟೆ ಎಂಬುದನ್ನೂ, ಅದನ್ನು ನುಡಿಸುವವರೂ ನಡೆಸುವವರೂ ತಮ್ಮದಾದ ಸೃಷ್ಟಿಯನ್ನು ಅದಕ್ಕೆ ಕೂಡಿಸುತ್ತಾರೆಂಬುದನ್ನೂ ಹ್ಯಾಂಡ್ ಗೌರವದಿಂದ ಒಪ್ಪಿಕೊಂಡನು. ಒಪ್ಪಿಕೊಂಡು, ಆದರೂ ತಟ್ಟೆಯನ್ನು ಪೇಟೆಯಲ್ಲಿ ಮಾರಿದ ಕೂಡಲೆ ಆ ಹಕ್ಕು ಕೊನೆಗೊಂಡಿತೆಂದೂ, ಕಾಗದದ ಮೇಲೆ ಅಚ್ಚುಹಾಕಿದ ನಿಷೇಧವು ಕೊಂಡವನನ್ನು ಕಟ್ಟಿಹಾಕಲಾರದೆಂದೂ ತೀರ್ಮಾನಿಸಿದನು. ಅತ್ಯುನ್ನತ ನ್ಯಾಯಾಲಯವು ಮುಂದಿನ ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಧ್ವನಿಮುದ್ರಿಕೆಗಳಿಗೆ ಆ ದೇಶದ ಕೇಂದ್ರ ಶಾಸನದ ಕೃತಿಸ್ವಾಮ್ಯ ದೊರೆತುದು ೧೯೭೨ರಲ್ಲಿ. ವೈಟ್‌ಮನ್ನನು ಆ ವೇಳೆಗೆ ಇರಲಿಲ್ಲ.

೫

ಸೋತವನನ್ನು ಬಾನುಲಿಯೇ ಕರೆದು ಕುರ್ಚಿ ಕೊಟ್ಟಿತು. ಒಂದೇ ಸಂಸ್ಥೆ ಎರಡು ಪ್ರಸಾರಜಾಲಗಳನ್ನು ಇಟ್ಟುಕೊಳ್ಳಕೂಡದೆಂದು ಸರಕಾರ ವಿಧಿಸಿದುದರಿಂದ ಎನ್.ಬಿ.ಸಿ.ಯವರು ತಮ್ಮ 'ಬ್ಲೂ' ಜಾಲವನ್ನು ೧೯೪೩ರಲ್ಲಿ ಎಂಬತ್ತು ಲಕ್ಷ ಡಾಲರಿಗೆ ಮಾರಬೇಕಾಯಿತು. ಕೊಂಡವನು ಪೆಪ್ಪರಮೆಂಟಿನ ವ್ಯಾಪಾರದಿಂದ ಹಣ ಮಾಡಿದ ಎಡ್ವರ್ಡ್ ನೋಬಲ್. ಎ.ಬಿ.ಸಿ. ಎಂದು ಇಂದು ಪ್ರಸಿದ್ಧವಾಗಿರುವುದು ಅದೇ. ಆ ಜಾಲದ ಸಂಗೀತನಿರ್ದೇಶಕನಾಗಿ ಅದೇ ವರ್ಷ ವೈಟ್‌ಮನ್ ನೇಮಕಗೊಂಡನು. ಆತನಿಗೆ ಐವತ್ತಮೂರು ವಯಸ್ಸು. ಸ್ವಿಂಗ್ ಎಂಬ ಹೊಸ ಅಲೆ ಆತನ ಶೈಲಿಯನ್ನು ಹಳತಾಗಿಸಿತ್ತು.

ಇದನ್ನು ಅನೇಕರು ಅವರೋಹಣವೆಂದು ಬರೆದಿದ್ದಾರೆ. ವಯೋಲ ನುಡಿಸಿದವನು ಮತ್ತೆ ಮೇಳದ ನಡುವಿಗೆ ಬಂದು ಕುಳಿತನೆಂದು ನಾನು ತಿಳಿಯುತ್ತೇನೆ. ಪ್ರಸಾರಸಂಸ್ಥೆಯ ಸಂಗೀತನಿರ್ದೇಶಕನ ಹೆಸರು ಯಾವ ಶ್ರೋತೃವಿನ ನಾಲಗೆಯ ಮೇಲೂ ನಿಲ್ಲುವುದಿಲ್ಲ; ಯಾರಿಂದ ಬರೆಯಿಸಬೇಕು, ಯಾರಿಗೆ ನುಡಿಸಲು ಎಡೆ ಕೊಡಬೇಕು ಎಂಬುದನ್ನು ನಿರ್ಣಯಿಸುವುದೇ ಆತನ ಕಲೆ. ಜನವರಿ ೪ರ ಪತ್ರಿಕಾವಾರ್ತೆಯಿಂದ ಒಮ್ಮೆ ಮಾಡಿದುದನ್ನು ಆತನು ಈಗ ಪದವಿಯ ಬಲದಿಂದ ಮಾಡತೊಡಗಿದನು. ೧೯೪೪ರಲ್ಲಿ ಅಮೆರಿಕದಲ್ಲಿದ್ದ ಹಿರಿಯ ರಚನಕಾರರಿಗೆ ಬಾನುಲಿಯ ಮೇಳಕ್ಕೆಂದೇ ಚಿಕ್ಕ ಕೃತಿಗಳನ್ನು ಬರೆದುಕೊಡುವಂತೆ ಆಹ್ವಾನಗಳು ಹೋದುವು. ಸ್ಟ್ರಾವಿನ್ಸ್ಕಿ 'ಸ್ಕೆರ್ಟ್ಸೊ ಆ ಲ ರ‍್ಯೂಸ್' ಕೊಟ್ಟನು; ಅದು ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ರಸಾರವಾಯಿತು. ಏರನ್ ಕೋಪ್ಲಂಡ್, ಯುದ್ಧಕ್ಕೆ ಹೋದ ಸಿಪಾಯಿಗೆ ಮನೆಯಿಂದ ಬಂದ ಕಾಗದವನ್ನು ನೆನೆದು 'ಲೆಟರ್ ಫ್ರಮ್ ಹೋಮ್' ಬರೆದನು. ಡ್ಯೂಕ್ ಎಲಿಂಗ್‌ಟನ್ನನಿಂದ 'ಬ್ಲೂಟೋಪಿಯ' ಬಂದಿತು. ಕೊನೆಯ ಹೆಸರನ್ನು ಗಮನಿಸಬೇಕು. ಇಪ್ಪತ್ತು ವರ್ಷಗಳ ಹಿಂದೆ ಇಯೋಲಿಯನ್ ಹಾಲಿನ ಕಾರ್ಯಕ್ರಮಪತ್ರದಲ್ಲಿ ಇಲ್ಲದ ಜನಾಂಗದ ಹೆಸರು ಈ ಪಟ್ಟಿಯಲ್ಲಿ ಸ್ಟ್ರಾವಿನ್ಸ್ಕಿಯ ಸಮಸಮಕ್ಕೆ ಕುಳಿತಿದೆ. ಬಾಕಿ ತೀರಿತೆಂದು ನಾನು ಹೇಳಲಾರೆ. ಬಾಕಿಯಿದೆಯೆಂಬುದು ಲೆಕ್ಕಕ್ಕೆ ಬಂದಿತೆನ್ನಬಹುದು.

ವಿಧಿಯ ಪರಿಹಾಸವು ೧೯೪೭ರಲ್ಲಿ ಪೂರ್ಣವಾಯಿತು. ಆ ವರ್ಷ ಎ.ಬಿ.ಸಿ.ಯು ವಾರದಲ್ಲಿ ಐದು ದಿನ ಮಧ್ಯಾಹ್ನ ಒಂದು ಗಂಟೆ ಗ್ರಾಮಫೋನ್ ತಟ್ಟೆಗಳನ್ನು ದೇಶಕ್ಕೆಲ್ಲ ಕೇಳಿಸುವ ಕಾರ್ಯಕ್ರಮವನ್ನು ಆರಂಭಿಸಿತು. ತಟ್ಟೆಗಳನ್ನು ಪರಿಚಯಿಸಿ ಹಾಕುವವನು ಪಾಲ್ ವೈಟ್‌ಮನ್. ತಟ್ಟೆಗಳನ್ನು ಬಾನುಲಿಯಲ್ಲಿ ಹಾಕಕೂಡದೆಂದು ಏಳು ವರ್ಷಗಳ ಹಿಂದೆ ವಾದಿಸಿ ಸೋತ ಮನುಷ್ಯನೇ ಈಗ ಮುಳ್ಳಿನ ಬಳಿ ಕುಳಿತನು. ಇದನ್ನು ಶರಣಾಗತಿಯೆನ್ನುವವರು ಎನ್ನಲಿ. ಸಂಗೀತವು ಜನರನ್ನು ಸೇರುವ ದಾರಿ ಬದಲಾಗಿದೆಯೆಂದು ತಿಳಿದ ಮೇಲೆ, ಹಳೆಯ ದಾರಿಯ ಸುಂಕದಕಟ್ಟೆಯಲ್ಲಿ ಒಬ್ಬನೇ ಕೂತಿರುವುದು ಆತನ ಜಾಯಮಾನವಲ್ಲ. ೧೯೪೯ರಲ್ಲಿ ದೂರದರ್ಶನ ಬಂದಾಗ ಅಲ್ಲಿಗೂ ಹೋಗಿ, ಫಿಲಡೆಲ್ಫಿಯದಿಂದ ಹದಿಹರೆಯದ ಹುಡುಗ ಹುಡುಗಿಯರ ಹಾಡು ಕುಣಿತಗಳಿಗೆ ವೇದಿಕೆಯೊಂದನ್ನು ೧೯೫೪ರವರೆಗೆ ನಡೆಸಿದನು. ೧೯೬೭ರ ಡಿಸೆಂಬರ್ ೨೯ರಂದು ಪೆನ್ಸಿಲ್ವೇನಿಯದ ಡಾಯ್ಲ್ಸ್‌ಟೌನಿನಲ್ಲಿ ತೀರಿಕೊಂಡನು. ಆತನ ಮೇಳಕ್ಕಾಗಿ ಬರೆಯಲ್ಪಟ್ಟ ಸಾವಿರಾರು ವಾದ್ಯಪಾಠಗಳು ಮ್ಯಾಸಚೂಸೆಟ್ಸಿನ ವಿಲಿಯಮ್ಸ್ ಕಾಲೇಜಿನಲ್ಲಿ ಭದ್ರವಾಗಿವೆ. ಅವುಗಳಲ್ಲಿ ಆತನ ಕೈಬರೆಹಕ್ಕಿಂತ ಇತರರ ಕೈಬರೆಹವೇ ಹೆಚ್ಚು.

ಮಹನೀಯರೆ, ಪ್ರಶ್ನೆಯನ್ನು ಎತ್ತಿದವನು ಉತ್ತರದ ಹೊಣೆಯಿಂದ ತಪ್ಪಿಸಿಕೊಳ್ಳಬಾರದು. ಗ್ರೋಫೆ ಬರೆದ 'ರ‍್ಯಾಪ್ಸೊಡಿ'ಯ ಹಸ್ತಪ್ರತಿಯಲ್ಲಿ ಒಂದು ಸ್ಥಳವುಂಟು. ಪಿಯಾನೊ ಒಂಟಿಯಾಗಿ ವಿಹರಿಸುವ ಭಾಗವನ್ನು ಪೂರ್ತಿ ಬರೆಯಲು ಗರ್ಷ್ವಿನ್ನನಿಗೆ ವೇಳೆ ಸಾಲಲಿಲ್ಲ. ಅದು ಆತನ ತಲೆಯಲ್ಲಿತ್ತು, ಕಾಗದದ ಮೇಲಿರಲಿಲ್ಲ. ಎಲ್ಲವನ್ನೂ ಬರೆಯಿಸಬೇಕೆಂಬ ಛಲದವನಾದ ವೈಟ್‌ಮನ್ನನ ಮುಂದಿನ ಹಾಳೆಯಲ್ಲಿ ಆ ಜಾಗ ಬರಿದಾಗಿದೆ. ಪಕ್ಕದಲ್ಲಿ, ತಲೆಯಾಡಿಸುವವರೆಗೆ ಕಾದಿರು ಎಂಬರ್ಥದ ಎರಡು ಮೂರು ಮಾತುಗಳಿವೆ. ಆ ಮಧ್ಯಾಹ್ನ, ರಾಖ್ಮನಿನಾಫನೂ ಕ್ರೈಸ್ಲರನೂ ನೋಡುತ್ತಿರುವಾಗ, ಸಾವಿರಾರು ಡಾಲರು ಮುಳುಗುತ್ತಿರುವಾಗ, ಆ ಸ್ಥೂಲಕಾಯನು ಕೋಲನ್ನು ಕೆಳಗಿಳಿಸಿ, ಇಪ್ಪತ್ತೈದು ವಯಸ್ಸಿನ ಹುಡುಗನೊಬ್ಬನು ಏನು ನುಡಿಸಲಿದ್ದಾನೆಂದು ತನಗೂ ತಿಳಿಯದೆ, ಅವನ ತಲೆಯ ಕಡೆ ನೋಡುತ್ತ ನಿಂತಿದ್ದನು. ಆ ಬರಿಯ ಹಾಳೆಯನ್ನು ನೆನೆದರೆ, ತಟ್ಟೆಯ ಮೇಲಿನ ಹೆಸರಿನ ವಿಷಯದಲ್ಲಿ ನನಗೆ ಈಗ ತಕರಾರಿಲ್ಲ.